ಪಿಕಪ್ಪಿನ ಹಬ್ಬದೂಟ

ದಾವಣಗೆರೆಯಲ್ಲಿ ಕರಿಬಸಪ್ಪ ಎಂಬವನು ಒಂದು ಹಳೆಯ ಪಿಕಪ್ ಗಾಡಿ ಇಟ್ಟುಕೊಂಡಿದ್ದ. ಮಾಲೀಕನೂ ಅವನೇ, ಡ್ರೈವರೂ ಅವನೇ. ಮಂಡಕ್ಕಿ ಹುರಿಯುವ ಭಟ್ಟಿಯಿಂದ ಚೀಲಗಳನ್ನು ಹೇರಿಕೊಂಡು ಸುತ್ತಲಿನ ಊರುಗಳ ಅಂಗಡಿಗಳಿಗೆ, ಸಂತೆಗಳಿಗೆ ಹಾಕಿ ಬರುವುದು ಅವನ ಕೆಲಸ. ಮಂಡಕ್ಕಿ ಹಗುರ, ಆದರೆ ಚೀಲಗಳು ಭಾರಿ ದೊಡ್ಡವು. ದೂರದಿಂದ ನೋಡಿದವರಿಗೆ ಗಾಡಿಯೇ ಕಾಣುತ್ತಿರಲಿಲ್ಲ; ಒಂದು ಬಿಳಿ ಗುಡ್ಡ ರಸ್ತೆಯ ಮೇಲೆ ತಾನಾಗಿ ನಡೆದು ಬರುತ್ತಿದೆ ಅನಿಸುತ್ತಿತ್ತು. ಪಕ್ಕದ ಸೀಟಿನಲ್ಲಿ ಅವನ ಹೆಂಡತಿ ಕೊಟ್ರಮ್ಮ ಕೂತಿರುತ್ತಿದ್ದಳು. ಸಂತೆಯಲ್ಲಿ ಸೇರಿನಿಂದ ಅಳೆದು ಮಾರುವುದು ಅವಳ ಪಾಲಿನ ಕೆಲಸ.

ಕರಿಬಸಪ್ಪ ಒಳ್ಳೆಯ ಮನುಷ್ಯ. ಜಿಪುಣನಲ್ಲ, ಸೋಮಾರಿಯೂ ಅಲ್ಲ. ಆದರೆ 'ಸ್ವಲ್ಪ' ಎನ್ನುವ ಮಾತು ಅವನಿಗೆ ಗೊತ್ತೇ ಇರಲಿಲ್ಲ. ಮಾಡಿದರೆ ರಾಶಿ ಮಾಡಬೇಕು, ಇಲ್ಲದಿದ್ದರೆ ಏನೂ ಇಲ್ಲ. ತರಕಾರಿ ತನ್ನಿ ಎಂದರೆ ವಾರಗಟ್ಟಲೆ ಮರೆಯುತ್ತಿದ್ದ. ನೆನಪಾದ ದಿನ ಒಂದು ಚೀಲ ಬದನೆಕಾಯಿ ತಂದು ಅಡುಗೆಮನೆಯಲ್ಲಿ ಸುರಿಯುತ್ತಿದ್ದ. ಆಮೇಲೆ ಕೊಟ್ರಮ್ಮ ಓಣಿಯ ಮನೆಮನೆಗೂ ಹೋಗಿ ಬದನೆಕಾಯಿ ಹಂಚಿ ಬರಬೇಕಾಗುತ್ತಿತ್ತು. ಅಂಗಳದ ಮಲ್ಲಿಗೆ ಬಳ್ಳಿ ಬಾಡಿ ಕಡ್ಡಿಯಾಗುವವರೆಗೆ ಅದರ ಕಡೆ ತಿರುಗಿ ನೋಡುತ್ತಿರಲಿಲ್ಲ. ನೋಡಿದ ದಿನ ಅದರ ಬುಡದಲ್ಲಿ ಕೆರೆ ಕಟ್ಟುತ್ತಿದ್ದ.

ಗಾಡಿಯ ವಿಷಯದಲ್ಲೂ ಹೀಗೇ. ಅದರ ಮೇಲೆ ಅವನಿಗೆ ಪ್ರಾಣ. ಅದು ಅನ್ನ ಹಾಕುವ ಗಾಡಿ ಎಂದು ಹತ್ತುವಾಗ ಇಳಿಯುವಾಗ ಮುಟ್ಟಿ ನಮಸ್ಕಾರ ಮಾಡುತ್ತಿದ್ದ. ಆದರೆ ಆಯಿಲ್ ಎಷ್ಟಿದೆ ಎಂದು ಕಡ್ಡಿ ಎತ್ತಿ ನೋಡುತ್ತಿರಲಿಲ್ಲ. ಗ್ರೀಸ್ ಹೊಡೆಸುತ್ತಿರಲಿಲ್ಲ. ತಿಂಗಳುಗಳು ಕಳೆದಂತೆ ಗಾಡಿಯ ಭಾರ ಹೊರುವ ಕಮಾನು ಪಟ್ಟಿಗಳು ಕಿರ್ರೆನ್ನತೊಡಗಿದವು. ತಿರುವಿನಲ್ಲಿ ಸ್ಟೇರಿಂಗ್ ಗೊಣಗತೊಡಗಿತು. ಹಳ್ಳಿಯ ಮಕ್ಕಳು ಆ ಸದ್ದು ಕೇಳಿಯೇ ಮಂಡಕ್ಕಿ ಗಾಡಿ ಬಂತೆಂದು ರಸ್ತೆಗೆ ಓಡಿ ಬರುತ್ತಿದ್ದರು. ಕರಿಬಸಪ್ಪ ಅದಕ್ಕೂ ಹಿಗ್ಗುತ್ತಿದ್ದ. ಹಾರನ್ ಸವೆಯುವುದು ಉಳಿಯಿತು ಎನ್ನುತ್ತಿದ್ದ.

ಭಟ್ಟಿಗೆ ಹೋಗುವ ದಾರಿಯಲ್ಲೇ ದಾದಾಪೀರನ ಗ್ಯಾರೇಜು. ದಾದಾಪೀರ ಆ ಗಾಡಿಯನ್ನು ಬಹಳ ವರ್ಷಗಳಿಂದ ಬಲ್ಲ ಮೆಕ್ಯಾನಿಕ್. ಸದ್ದು ಕೇಳಿದಾಗಲೆಲ್ಲ ಹೊರಗೆ ಬಂದು, ಒಂದು ಗಳಿಗೆ ನಿಲ್ಲಿಸಿ ಹೋಗು, ನಾಲ್ಕು ಕಡೆ ಗ್ರೀಸ್ ಹೊಡೆದು ಬಿಡುತ್ತೇನೆ ಎಂದು ಕರೆಯುತ್ತಿದ್ದ. ಕರಿಬಸಪ್ಪನ ಉತ್ತರ ಯಾವಾಗಲೂ ಒಂದೇ.

"ಆಯುಧಪೂಜೆ ಬರ್ಲಿ ದಾದಾಪೀರಣ್ಣ. ಒಂದೇ ಸಲಕ್ಕೆ ಭರ್ಜರಿ ಮಾಡಿಬಿಡಾಣ."

ಆಯುಧಪೂಜೆ ಬಂತು. ಆ ದಿನ ಕರಿಬಸಪ್ಪನ ಸಡಗರ ನೋಡಬೇಕಿತ್ತು. ಬೆಳಗಾಗುವ ಮುಂಚೆಯೇ ಗಾಡಿ ತೊಳೆದ. ಬಾಳೆಕಂಬ ಕಟ್ಟಿದ, ಮಾವಿನ ತೋರಣ ಕಟ್ಟಿದ, ಚೆಂಡುಹೂವಿನ ಹಾರಗಳನ್ನು ಎಷ್ಟು ಹಾಕಿದನೆಂದರೆ ಮುಂದಿನ ಗಾಜಿನಲ್ಲಿ ರಸ್ತೆ ಕಾಣಲು ಅಂಗೈ ಅಗಲದ ಕಿಂಡಿಯಷ್ಟೇ ಉಳಿಯಿತು. ಆಮೇಲೆ ತನ್ನ ಸೇವೆ ತಾನೇ ಮಾಡಬೇಕೆಂದು ಅಂಗಡಿಯಿಂದ ದೊಡ್ಡ ಡಬ್ಬಿ ಗ್ರೀಸು, ದೊಡ್ಡ ಕ್ಯಾನ್ ಆಯಿಲು ತಂದ. ಪಕ್ಕದ ಮನೆಯವರಿಂದ ಗ್ರೀಸ್ ಗನ್ ಇಸಿದುಕೊಂಡು ಗಾಡಿಯ ಕೆಳಗೆ ನುಸುಳಿದ.

ಕಂಡಕಂಡಲ್ಲೆಲ್ಲ ಗ್ರೀಸ್ ಹೊಡೆದ. ಮುಂದಿನ ಎರಡೂ ಚಕ್ರಗಳ ಮುಚ್ಚಳ ಬಿಚ್ಚಿ, ಹೋಳಿಗೆಗೆ ಹೂರಣ ತುಂಬುವ ಹಾಗೆ ಬೆರಳಿನಿಂದ ಒತ್ತಿ ಒತ್ತಿ ತುಂಬಿದ. ಆಯಿಲ್ ಹಾಕುವಾಗ ಕಡ್ಡಿಯ ಮೇಲಿನ ಗೆರೆಯವರೆಗೆ ಬಂತು. ಕ್ಯಾನಿನಲ್ಲಿ ಇನ್ನೂ ಉಳಿದಿತ್ತು. ಇಟ್ಟುಕೊಂಡು ಏನು ಮಾಡುವುದು, ವರ್ಷದ ಹಬ್ಬ, ಗಾಡಿಗೂ ಹೊಟ್ಟೆ ತುಂಬಲಿ ಎಂದು ಅದನ್ನೂ ಸುರಿದ.

ಕೊಟ್ರಮ್ಮ ಆರತಿ ತಟ್ಟೆ ಹಿಡಿದು ಕಾಯುತ್ತಾ ನಿಂತಿದ್ದಳು. "ಬಡಿಸಿದ್ದು ಸಾಕು, ಇನ್ನು ಎಲೆ ಎತ್ರಿ" ಎಂದು ನಕ್ಕಳು. ಕರಿಬಸಪ್ಪ ಕೆಳಗಿನಿಂದಲೇ ನಕ್ಕ. ಹೊರಗೆ ಬಂದಾಗ ಅವನ ಮುಖದಲ್ಲಿ ಮೀಸೆ ಯಾವುದು ಗ್ರೀಸು ಯಾವುದು ಗೊತ್ತಾಗುವಂತಿರಲಿಲ್ಲ. ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆದು, ಓಣಿಯವರಿಗೆಲ್ಲ ಮಂಡಕ್ಕಿ ಹಂಚಿದರು. ಅಂದು ಮಲಗುವಾಗ ಕರಿಬಸಪ್ಪನಿಗೆ ಬಹಳ ಸಮಾಧಾನವಾಗಿತ್ತು. ಇನ್ನು ವರ್ಷ ಪೂರ್ತಿ ಗಾಡಿಯ ಚಿಂತೆ ಇಲ್ಲ ಅಂದುಕೊಂಡ.

ಹಬ್ಬ ಕಳೆದು ಗಂಡ ಹೆಂಡತಿ ಚೀಲ ಹೇರಿಕೊಂಡು ಚನ್ನಗಿರಿ ಕಡೆಯ ಸಂತೆಗೆ ಹೊರಟರು. ಗಾಡಿಯ ಹಿಂದೆ ನೀಲಿ ಹೊಗೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಇದೇನು ಹೊಗೆ ಎಂದು ಕೊಟ್ರಮ್ಮ ಕೇಳಿದಳು. ಊಟ ಹೆಚ್ಚಾಗಿ ತೇಗುತ್ತಿದೆ ಬಿಡು ಎಂದು ಕರಿಬಸಪ್ಪ ನಗೆಯಲ್ಲಿ ತೇಲಿಸಿದ. ಸ್ವಲ್ಪ ದೂರ ಹೋದ ಮೇಲೆ ಬ್ರೇಕ್ ತುಳಿದಾಗ ಗಾಡಿ ಎಡಕ್ಕೆ ಎಳೆದಂತಾಯಿತು. ರಸ್ತೆಯೇ ಓರೆ ಇರಬೇಕು ಅಂದುಕೊಂಡು ಮುಂದೆ ಹೋದ.

ಅದು ಮೆಕ್ಕೆಜೋಳದ ಸುಗ್ಗಿಯ ಕಾಲ. ಹಳ್ಳಿಯವರು ಜೋಳ ಬಿಡಿಸಿ ತಂದು ಡಾಂಬರು ರಸ್ತೆಯ ಒಂದು ಮಗ್ಗುಲಲ್ಲಿ ಒಣಗಲು ಹರವಿದ್ದರು. ಒಂದು ಇಳಿಜಾರಿನ ಕೆಳಗೆ, ಊರು ಶುರುವಾಗುವಲ್ಲಿ, ಒಣಗಿದ ಜೋಳವನ್ನು ಸೊಂಟದೆತ್ತರ ರಾಶಿ ಮಾಡಿದ್ದರು. ಕರಿಬಸಪ್ಪ ಇಳಿಜಾರು ಇಳಿಯುತ್ತಿದ್ದಾಗ ಬಲಗಡೆಯ ಹೊಲದಿಂದ ಕುರಿಗಳ ಹಿಂಡೊಂದು ರಸ್ತೆಗೆ ನುಗ್ಗಿತು. ಕುರಿಗಾಹಿ ನಡುರಸ್ತೆಯಲ್ಲಿ ನಿಂತು ಎರಡೂ ಕೈ ಎತ್ತಿದ.

ಕರಿಬಸಪ್ಪ ಬ್ರೇಕ್ ತುಳಿದ. ಕಾಲು ಕೆಳಗೆ ಹೋಯಿತು, ಗಾಡಿ ನಿಲ್ಲಲಿಲ್ಲ. ಇನ್ನೂ ಜೋರಾಗಿ ತುಳಿದ. ಬಲಗಡೆಯ ಚಕ್ರ ಜಾರುತ್ತಲೇ ಇತ್ತು, ಎಡಗಡೆಯದು ಮಾತ್ರ ಹಿಡಿಯಿತು. ಗಾಡಿ ಅವನ ಕೈ ಮೀರಿ ಎಡಕ್ಕೆ ತಿರುಗಿ, ನೇರ ಹೋಗಿ ಆ ಜೋಳದ ರಾಶಿಗೆ ಮೂತಿ ತುರುಕಿ ನಿಂತಿತು. ಚೀಲ ಕಟ್ಟಿದ್ದ ಹಗ್ಗ ಹರಿಯಿತು. ಚೀಲಗಳು ಒಂದರ ಮೇಲೊಂದು ಮುಂದಕ್ಕೆ ಉರುಳಿ ಒಡೆದವು. ಗಾಳಿಯ ತುಂಬ ಮಂಡಕ್ಕಿ. ಕುರಿಗಳ ಬೆನ್ನಿನ ಮೇಲೆ, ಕುರಿಗಾಹಿಯ ರುಮಾಲಿನ ಮೇಲೆ, ಕೊಟ್ರಮ್ಮನ ತುರುಬಿನಲ್ಲಿ, ಎಲ್ಲ ಕಡೆ ಮಂಡಕ್ಕಿ. ಕುರಿಗಳು ಒಂದು ಕ್ಷಣ ಬೆದರಿದವು. ಆಮೇಲೆ ತಲೆ ತಗ್ಗಿಸಿ ಕರುಮುರು ತಿನ್ನಲು ನಿಂತವು.

ಯಾರಿಗೂ ಏನೂ ಆಗಿರಲಿಲ್ಲ. ಗಂಡ ಹೆಂಡತಿ ಇಳಿದು ಒಬ್ಬರನ್ನೊಬ್ಬರು ನೋಡಿಕೊಂಡರು. ಆಗ ರಾಶಿಯ ಆಚೆಯಿಂದ ಒಬ್ಬ ಮುದುಕಿ ಕೈಯಲ್ಲಿ ಕೋಲು ಹಿಡಿದು ಬಂದಳು. ಆ ಜೋಳದ ಒಡತಿ ಹಾಲಮ್ಮ. ಬಯ್ಯುತ್ತಾಳೆಂದು ಕರಿಬಸಪ್ಪ ಕೈಮುಗಿದು ನಿಂತ. ಆಕೆ ಬಯ್ಯಲಿಲ್ಲ. ಗಾಡಿಯ ಮೂತಿ ಹೊಕ್ಕಿದ್ದ ಜಾಗಕ್ಕೆ ಕೋಲು ಚಾಚಿ ತೋರಿಸಿದಳು. ಅಲ್ಲಿ ಜೋಳದೊಳಗಿಂದ ಒಂದು ಮಣೆಯ ತುದಿ ಕಾಣುತ್ತಿತ್ತು.

"ಅಲ್ಲೇ ಕುಂತಿದ್ನಪ್ಪ" ಎಂದಳು ಹಾಲಮ್ಮ. "ಕುರಿ ಜೋಳಕ್ಕೆ ಬಾಯಿ ಹಾಕ್ತಾವೆ ಅಂತ ಓಡ್ಸಾಕೆ ಈಗಷ್ಟೇ ಎದ್ದೆ."

ಕರಿಬಸಪ್ಪ ಆ ಮಣೆಯನ್ನೊಮ್ಮೆ ನೋಡಿದ. ರಸ್ತೆಯ ಮೇಲೆ ಹಾಗೇ ಕುಕ್ಕರಿಸಿದ. ಕೊಟ್ರಮ್ಮ ನೀರು ತಂದು ಕೊಟ್ಟಳು. ಕೊನೆಗೆ ಹಾಲಮ್ಮನೇ ಅವನ ಬೆನ್ನು ಸವರಿ, ಏನೂ ಆಗಲಿಲ್ಲವಲ್ಲ, ಏಳು, ಬಿಸಿಲಲ್ಲಿ ಕೂರಬೇಡ ಎಂದು ಎಬ್ಬಿಸಿದಳು.

ಫೋನು ಮಾಡಿದ ಮೇಲೆ ದಾದಾಪೀರ ಬಿಡಿಭಾಗಗಳ ಚೀಲ ಕಟ್ಟಿಕೊಂಡು ಬೈಕಿನಲ್ಲಿ ಬಂದ. ಬಲಗಡೆಯ ಚಕ್ರ ಬಿಚ್ಚಿ ಕರಿಬಸಪ್ಪನನ್ನು ಹತ್ತಿರ ಕರೆದ. ಒಳಗೆಲ್ಲ ಗ್ರೀಸ್ ಕರಗಿ ತುಪ್ಪದ ಹಾಗೆ ಹರಿದಿತ್ತು. ಬ್ರೇಕ್ ಹಿಡಿಯುವ ಪಟ್ಟಿ ಅದರಲ್ಲಿ ಮುಳುಗಿ ಮಿಂಚುತ್ತಿತ್ತು. ಚಕ್ರದಲ್ಲಿ ಬೇಡದಷ್ಟು ಗ್ರೀಸ್ ತುಂಬಿದರೆ ಓಡಿದಂತೆ ಬಿಸಿಯಾಗಿ ಹೊರಗೆ ದಾರಿ ಹುಡುಕುತ್ತದೆ, ಈ ಕಡೆ ಗ್ರೀಸು ತಡೆಯುವ ಸೀಲು ಹಳತಾಗಿತ್ತು, ಇಲ್ಲಿಂದ ನುಗ್ಗಿದೆ ಎಂದು ದಾದಾಪೀರ ಬಿಡಿಸಿ ಹೇಳಿದ. ಆಮೇಲೆ ಕಮಾನು ಪಟ್ಟಿಯ ಹತ್ತಿರ ಬೆರಳಿಟ್ಟು ತೋರಿಸಿದ. ಅಲ್ಲಿ ಮಾತ್ರ ಗ್ರೀಸು ಒಳಗೆ ಒಂದು ಚೂರೂ ಹೋಗಿರಲಿಲ್ಲ. ವರ್ಷವೆಲ್ಲ ಮಣ್ಣು ಕೂತು ಗಟ್ಟಿಯಾಗಿ ದಾರಿ ಮುಚ್ಚಿತ್ತು. ಗನ್ನಿನಿಂದ ಹೊಡೆದದ್ದೆಲ್ಲ ಹೊರಗೇ ಮೆತ್ತಿಕೊಂಡಿತ್ತು. ಬೇಕಾದಲ್ಲಿ ಒಣ, ಬೇಡವಾದಲ್ಲಿ ಹೊಳೆ.

ಕರಿಬಸಪ್ಪನ ಕಣ್ಣು ಒದ್ದೆಯಾಯಿತು. "ಪ್ರೀತಿಯಿಂದ ಮಾಡಿದ್ದಣ್ಣ" ಎಂದ.

"ನಿನ್ನ ಪ್ರೀತಿ ನನಗೆ ಗೊತ್ತು ಕರಿಬಸಣ್ಣ. ಗಾಡಿಗೆ ಗೊತ್ತಾಗಲ್ಲ" ಎಂದ ದಾದಾಪೀರ. "ಬೇಕಾದಾಗ ಬೇಕಾದಷ್ಟು ಬಿತ್ತೋ ಇಲ್ವೋ, ಅಷ್ಟೇ ಅದಕ್ಕೆ ಗೊತ್ತು."

ದಾದಾಪೀರ ಬ್ರೇಕ್ ಪಟ್ಟಿ ಬದಲಿಸಿ, ಹೊಸ ಸೀಲು ಕೂರಿಸಿ, ಹೊಗೆಗೆ ಕಾರಣವಾಗಿದ್ದ ಹೆಚ್ಚಿನ ಆಯಿಲ್ ಇಳಿಸುವಷ್ಟರಲ್ಲಿ ಉಳಿದವರು ರಸ್ತೆಯ ಕೆಲಸಕ್ಕೆ ಕೂತರು. ಜೋಳದಲ್ಲಿ ಮಂಡಕ್ಕಿ ಬೆರೆತು ಹೋಗಿತ್ತು. ಹಾಲಮ್ಮ ಮೊರ ತಂದು ಕೇರಿ ತೋರಿಸಿದಳು. ಮಂಡಕ್ಕಿ ಹಾರಿ ಆಚೆ ಬಿತ್ತು, ಜೋಳ ಮೊರದಲ್ಲೇ ಉಳಿಯಿತು. ಕೊಟ್ರಮ್ಮನೂ ಮೊರ ಹಿಡಿದಳು. ಕುರಿಗಾಹಿ ನಗುತ್ತಾ ತನ್ನ ಕುರಿಗಳು ನಾಳೆಯಿಂದ ಹುಲ್ಲು ಮುಟ್ಟುತ್ತವೋ ಇಲ್ಲವೋ ಎಂದ. ಆ ಮಾತಿಗೆ ಕರಿಬಸಪ್ಪನ ಮುಖದಲ್ಲೂ ಮೊದಲ ಸಲ ನಗು ಬಂತು. ನಗು ಬಂದದ್ದೇ ತಡ, ಅವನ ಹಳೆಯ ಚಾಳಿಯೂ ಬಂತು.

"ಅಜ್ಜಿ, ನಾಳೆ ಬೆಳಿಗ್ಗೇನೆ ನಿಮಗೆ ನಾಲ್ಕು ಚೀಲ ಮಂಡಕ್ಕಿ ತಂದು ಹಾಕ್ತೀನಿ" ಎಂದ.

ಹಾಲಮ್ಮ ಕೇರುವುದನ್ನು ನಿಲ್ಲಿಸಿದಳು. "ನಾಲ್ಕು ಚೀಲ ತಗಂಡು ಏನ್ ಮಾಡ್ಲಪ್ಪ? ಎರಡು ದಿನಕ್ಕೆ ಮೆತ್ತಗಾಗಿ ಎಮ್ಮೆಗೆ ಹಾಕ್ಬೇಕು. ಹೆಂಗೂ ವಾರವಾರ ಈ ದಾರೀಲಿ ಸಂತೆಗೆ ಹೋಗ್ತೀಯಲ್ಲ. ಹೋಗುವಾಗ ಒಂದು ಸೇರು ಗರಿಗರಿ ಇರೋದು ಕೊಟ್ಟು ಹೋಗು. ಅಷ್ಟು ಸಾಕು."

ಕೊಟ್ರಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಗಂಡನನ್ನು ನೋಡಿದಳು. ದಾದಾಪೀರ ಗಾಡಿಯ ಕೆಳಗಿನಿಂದ ತಲೆ ಹೊರಗೆ ಹಾಕಿ ನೋಡಿದ. ಕರಿಬಸಪ್ಪ ಆಗಲಿ ಅಜ್ಜಿ ಎಂದಷ್ಟೇ ಹೇಳಿದ.

ಅಂದಿನಿಂದ ಹೊಸ ಪಾಠ ಶುರುವಾಯಿತು. ಅಮಾವಾಸ್ಯೆಗೆ ಹೇಗೂ ಗಾಡಿಗೆ ಪೂಜೆ ಮಾಡಿ ನಿಂಬೆಹಣ್ಣು ಇಡುತ್ತೀಯಲ್ಲ, ಅದೇ ದಿನ ಗ್ರೀಸನ್ನೂ ಹೊಡೆದುಬಿಡು ಎಂದು ದಾದಾಪೀರ ದಾರಿ ಹೇಳಿಕೊಟ್ಟ. ಮೊದಲು ಬಟ್ಟೆಯಿಂದ ಮಣ್ಣು ಒರೆಸಬೇಕು. ಹಳೆಯ ಗ್ರೀಸು ತುದಿಯಲ್ಲಿ ಇಣುಕಿದ ಕೂಡಲೆ ಕೈ ನಿಲ್ಲಿಸಬೇಕು. ಚಕ್ರದ ಒಳಗಿನದಕ್ಕೆ ಕೈ ಹಾಕದೆ ಗ್ಯಾರೇಜಿಗೆ ಬರಬೇಕು. ಕೇಳಲು ಸುಲಭ. ಆದರೆ ಮೊದಲ ಅಮಾವಾಸ್ಯೆಗೆ ಕರಿಬಸಪ್ಪನ ಕೈ ಇನ್ನೊಂದು ಒತ್ತಲೇ, ಇನ್ನೊಂದು ಒತ್ತಲೇ ಎಂದು ತುರಿಸುತ್ತಿತ್ತು. ಕೊಟ್ರಮ್ಮ ಗನ್ನು ಕಸಿದುಕೊಂಡು ಪಕ್ಕದ ಮನೆಗೆ ವಾಪಸ್ ಕೊಟ್ಟು ಬಂದಳು. ಆಯಿಲ್ ಕಡ್ಡಿಯನ್ನಂತೂ ಅವಳೇ ವಹಿಸಿಕೊಂಡಳು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕಡ್ಡಿ ಎತ್ತಿ, ಒರೆಸಿ, ಮತ್ತೆ ಅದ್ದಿ ನೋಡುವಳು. ಎರಡು ಗೆರೆಗಳ ನಡುವೆ ಇದ್ದರೆ ಹೊರಡೋಣ ಎನ್ನುವಳು.

ಕೆಲವು ತಿಂಗಳಲ್ಲಿ ಗಾಡಿ ಮೆತ್ತಗಾಯಿತು. ಸ್ಟೇರಿಂಗು ಬೆರಳಿಗೆ ತಿರುಗುತ್ತಿತ್ತು. ಹೊಗೆ ಹೋಯಿತು. ಗಂಡ ಹೆಂಡತಿ ಕೂಗದೆಯೇ ಮಾತಾಡಿಕೊಂಡು ಹೋಗಬಹುದಾಯಿತು, ಹಾಗೆ ಮಾತಾಡುವಾಗ ಕರಿಬಸಪ್ಪನಿಗೆ ಹೆಂಡತಿ ಎಷ್ಟು ನಗಿಸುತ್ತಾಳೆಂಬುದು ಹೊಸದಾಗಿ ತಿಳಿಯಿತು. ಅಂಗಳದ ಬಳ್ಳಿಗೂ ಈಗ ದಿನಕ್ಕೊಂದು ತಂಬಿಗೆ ನೀರು ಬೀಳುತ್ತಿತ್ತು.

ಹಾಲಮ್ಮನ ಸೇರೂ ವಾರವಾರ ತಪ್ಪದೆ ಸಲ್ಲುತ್ತಿತ್ತು. ಒಂದು ವಾರ ಮಾತ್ರ ಸಂತೆಗೆ ಹೊತ್ತಾಯಿತೆಂಬ ಅವಸರದಲ್ಲಿ ಕರಿಬಸಪ್ಪ ನಿಲ್ಲಿಸದೆ ಹೋಗಿಬಿಟ್ಟ. ಮುಂದಿನ ವಾರ ಇಳಿಜಾರು ಇಳಿದು ಬಂದರೆ ಮುದುಕಿ ರಸ್ತೆಯ ಅಂಚಿನಲ್ಲೇ ಕೈ ಅಡ್ಡ ಹಿಡಿದು ನಿಂತಿದ್ದಾಳೆ. ಗಾಡಿ ಸದ್ದಿಲ್ಲದೆ ಅವಳ ಮುಂದೆ ಬಂದು ನಿಂತಿತು. ಕರಿಬಸಪ್ಪ ನಾಚಿಕೆಯಿಂದ ಇಳಿದು, ಹೋದ ವಾರದ್ದೂ ಸೇರಿಸಿ ತಗೊಳ್ಳಿ ಅಜ್ಜಿ ಎಂದು ಎರಡು ಸೇರು ಅಳೆಯಲು ಹೋದ.

ಹಾಲಮ್ಮ ಒಂದು ಸೇರಿಗೆ ಸೆರಗು ಒಡ್ಡಿದಳು. ಎರಡನೆಯದಕ್ಕೆ ಮಡಚಿಕೊಂಡಳು.

"ಹೋದ ವಾರ ಹೋತಪ್ಪ. ಅದನ್ನ ಈ ವಾರ ತಿನ್ನಾಕಾಗಲ್ಲ" ಎಂದಳು. "ಬರೋ ವಾರ ಮರೀಬ್ಯಾಡ."

ಕರಿಬಸಪ್ಪ ಎರಡನೆಯ ಸೇರನ್ನು ಚೀಲಕ್ಕೆ ವಾಪಸ್ ಸುರಿದು, ಬಾಯಿ ಕಟ್ಟಿ, ಗಾಡಿ ಹತ್ತಿದ. ಮುಂದಿನ ವಾರ ಅವನು ಮರೆಯಲಿಲ್ಲ.

ನೀತಿ: ವರ್ಷಕ್ಕೊಮ್ಮೆ ರಾಶಿ ಸುರಿದರೆ ವರ್ಷವೆಲ್ಲ ನೋಡಿಕೊಂಡಂತಾಗುವುದಿಲ್ಲ. ಗಾಡಿಯಿರಲಿ, ಗಿಡವಿರಲಿ, ಮನೆಯ ಮಂದಿಯಿರಲಿ, ಬೇಕಾದದ್ದು ಹೊತ್ತು ಹೊತ್ತಿಗೆ ಸಿಗುವ ಹಿಡಿಯಷ್ಟು ಕಾಳಜಿ. ತಪ್ಪಿದ್ದನ್ನು ಇಮ್ಮಡಿ ಕೊಟ್ಟು ತುಂಬಲಾಗದು, ತಪ್ಪದಂತೆ ಕೊಡಬೇಕು.