ಎಡಗಡೆಯ ಅಂಕಣ

ಸೇತುಮಾಧವ ರಾಯರು ಸಿನಿಮಾ ತೆಗೆದವರಲ್ಲ. ಸಿನಿಮಾಕ್ಕೆ ಬರೆಯುವುದು ಹೇಗೆ ಅಂತ ಪುಸ್ತಕ ಬರೆದವರು.

ಕನ್ನಡದಲ್ಲಿ ಮಾತಿನ ಚಿತ್ರಗಳು ಬೆರಳೆಣಿಕೆಯಷ್ಟಿದ್ದ ಕಾಲ. ಬೊಂಬಾಯಿಯಿಂದ ಅಂಚೆಯಲ್ಲಿ ಇಂಗ್ಲಿಷ್ ಪುಸ್ತಕಗಳನ್ನು ತರಿಸಿಕೊಂಡು, ಓದಿ ಅರಗಿಸಿಕೊಂಡು, ‘ಬೆಳ್ಳಿತೆರೆಗೆ ಬರೆಯುವ ಬಗೆ’ ಎಂಬ ನೂರ ಹನ್ನೆರಡು ಪುಟದ ಪುಸ್ತಕವನ್ನು ಅಚ್ಚು ಹಾಕಿಸಿದ್ದರು.

ಮದರಾಸಿನ ಸ್ಟುಡಿಯೋದ ಕಥಾವಿಭಾಗದವರು ಆ ಪುಸ್ತಕವನ್ನು ಮೇಜಿನ ಮೇಲೇ ಇಟ್ಟುಕೊಂಡಿದ್ದರು. ‘ಇವರಿಗೆ ಬರೆಯಲು ಬರುತ್ತದೆ’ ಎಂದು ರಾಯರು ಒಂದು ಸಾಲು ಬರೆದು ಸಹಿ ಹಾಕಿಕೊಟ್ಟರೆ ಅಲ್ಲಿ ಕುರ್ಚಿ ಸಿಗುತ್ತಿತ್ತು.

ಹಾಗಾಗಿ ಕಪಿಲೆಯ ದಂಡೆಯಲ್ಲಿದ್ದ ಅವರ ಮನೆಗೆ ಶಿಷ್ಯರು ಬರುತ್ತಿದ್ದರು. ಎಂಟು ದಿನ, ಹತ್ತು ದಿನ ಇದ್ದು ಹೋಗುತ್ತಿದ್ದರು. ಹೆಚ್ಚಿನವರು ಬರಿಗೈಯಲ್ಲಿ.

ಆ ಕಾರ್ತಿಕದಲ್ಲಿ ನಾಗವೇಣಿ ಬಂದಳು. ತುಮಕೂರಿನಲ್ಲಿ ಒಬ್ಬ ವಕೀಲರ ಕಚೇರಿಯಲ್ಲಿ ಟೈಪಿಸ್ಟು. ಅವಳ ಅಪ್ಪ ಎಂಟು ದಿನ ಕೊಟ್ಟಿದ್ದರು. ‘ಕಾಗದ ಸಿಕ್ಕಿದರೆ ಮದರಾಸಿಗೆ ನಾನೇ ಬಿಟ್ಟು ಬರ್ತೀನಿ. ಸಿಗದಿದ್ದರೆ ಸಿನಿಮಾ ಅನ್ನೋ ಮಾತು ಈ ಮನೇಲಿ ಮತ್ತೆ ಎತ್ತಕೂಡದು’ ಎಂದಿದ್ದರು.

ಮೊದಲ ದಿನವೇ ಅವಳು ತನ್ನ ಚಿತ್ರಕಥೆಯನ್ನು ರಾಯರ ಮುಂದಿಟ್ಟಳು.

ಪುಸ್ತಕದಲ್ಲಿ ಹೇಳಿದ ಹಾಗೆಯೇ ಬರೆದಿದ್ದಳು. ಪ್ರತಿ ಪುಟದ ನಡುವೆ ಒಂದು ಗೆರೆ. ಗೆರೆಯ ಎಡಕ್ಕೆ ಕಣ್ಣಿಗೆ ಕಾಣುವುದು, ಬಲಕ್ಕೆ ಕಿವಿಗೆ ಕೇಳುವುದು.

ರಾಯರು ಓದಿದರು.

“ಏನಮ್ಮ, ಬಲಗಡೆ ತುಂಬಿ ತುಳುಕ್ತಾ ಇದೆ, ಎಡಗಡೆ ಬಟ್ಟಬಯಲು?”

“ತಾಯಿ ತನ್ನ ದುಃಖ ಹೇಳಿಕೊಳ್ತಾಳೆ, ಗುರುಗಳೇ.”

“ಎಷ್ಟು ಹೊತ್ತು?”

“ಆರು ಪುಟ.”

“ಯಾರ ಹತ್ತಿರ?”

“ಗಂಡನ ಹತ್ತಿರ.”

“ಆರು ಪುಟ ಕೂತು ಕೇಳೋ ಗಂಡನ್ನ ನಾನಿನ್ನೂ ನೋಡಿಲ್ಲಮ್ಮ.”

ಅವರು ಚಾಕು ತೆಗೆದುಕೊಂಡರು. ಹಾಳೆಗಳನ್ನು ಗೆರೆಯ ಮೇಲೆ ಮಡಿಸಿ ಸರಸರನೆ ಕೊಯ್ದರು. ಎಡಗಡೆಯ ತುಂಡುಗಳನ್ನು ಅವಳ ಕೈಗಿತ್ತರು.

“ಇವಳೇ!” ಎಂದು ಒಳಗೆ ಕೂಗಿದರು. “ಒಲೆಗೆ ಕಾಗದ ಇದೆ, ತಗೊಂಡು ಹೋಗು.”

ರಾಯರ ಹೆಂಡತಿ ತುಂಗಮ್ಮ ಬಂದು ಕೈ ಚಾಚಿ ನಿಂತರು. ರಾಯರು ತಲೆ ಎತ್ತದೆ ಬಲಗಡೆಯ ತುಂಡುಗಳನ್ನು ಆ ಕೈಯೊಳಗೆ ತುರುಕಿದರು. ನಾಗವೇಣಿಯ ಎರಡು ವರ್ಷದ ಮಾತೆಲ್ಲ ಅನ್ನ ಬೇಯಿಸಲು ಹೋಯಿತು.

“ಒಂದೇ ಒಂದು ಪುಟ ತಂದುಕೊಡು,” ಎಂದರು ರಾಯರು. “ಒಬ್ಬ ಹೆಂಗಸು, ಒಂದು ಅಡುಗೆಮನೆ. ಅವಳು ಬಾಯಿಬಿಡಕೂಡದು. ಅವಳಿಗೇನು ಕಷ್ಟ ಅಂತ ನನಗೆ ತಿಳೀಬೇಕು. ತಿಳಿದರೆ ನಿನಗೆ ಕಾಗದ.”

ಸಂಜೆ ತುಂಗಮ್ಮ ಕಾಫಿ ಬಸಿದರು. ನಾಗವೇಣಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮುದುಕಿ ಲೋಟದೊಳಕ್ಕೆ ತೋರುಬೆರಳು ಬಿಟ್ಟುಕೊಂಡು ಕಾಫಿ ಸುರಿದರು.

ಮಡಿ ಸೀರೆ ಉಟ್ಟ ಹೆಂಗಸು! ನಾಗವೇಣಿಗೆ ಹೇಸಿಗೆಯಾಯಿತು. ಲೋಟ ಹಿಡಿದು ಹಿತ್ತಲಿಗೆ ಹೋಗಿ, ಕಾಫಿಯನ್ನು ದಾಸವಾಳದ ಬುಡಕ್ಕೆ ಚೆಲ್ಲಿ ಬಂದಳು.

ಎರಡನೇ ದಿನ ಒಂದು ಪುಟ ಬರೆದು ತಂದಳು.

“‘ಹೆಂಗಸು ದುಃಖದಿಂದ ಅಕ್ಕಿ ಆರಿಸುತ್ತಾಳೆ,’” ರಾಯರು ಓದಿದರು. “ಭೇಷ್. ಮೊರ ತಗೊಂಡು ಬಾ.”

ಮೊರ ಬಂತು, ಅಕ್ಕಿ ಬಂತು.

“ದುಃಖದಿಂದ ಆರಿಸು.”

ನಾಗವೇಣಿ ಮುಖ ಸಣ್ಣದು ಮಾಡಿಕೊಂಡು ಆರಿಸಿದಳು.

“ಮುಖ ಬೇಡ. ಕ್ಯಾಮೆರಾ ನಿನ್ನ ಕೈ ಮೇಲಿದೆ. ಈಗ ಸಂತೋಷದಿಂದ ಆರಿಸು.”

ಆರಿಸಿದಳು. ಕಲ್ಲು ಕಲ್ಲೇ, ಅಕ್ಕಿ ಅಕ್ಕಿಯೇ.

“ಏನು ವ್ಯತ್ಯಾಸ?”

“ಏನೂ ಇಲ್ಲ, ಗುರುಗಳೇ.”

“ಕ್ಯಾಮೆರಾಕ್ಕೆ ಕಣ್ಣಿದೆ, ಮನಸ್ಸಿಲ್ಲ. ಅವಳು ಏನು ಮಾಡಿದಳೋ ಅಷ್ಟು ಬರಿ. ನಿನ್ನ ತೀರ್ಪು ಹೊಡೆದುಹಾಕು.”

“ಎಲ್ಲಿ ಹೋಗಿ ನೋಡಲಿ?”

“ಲೋಕದಲ್ಲಿ ಅಡುಗೆಮನೆಗೆ ಬರವೇ?” ರಾಯರು ಕೈ ಬೀಸಿದರು. ಅವರ ಪುಸ್ತಕದ ಎರಡನೇ ಮುದ್ರಣದ ಪ್ರೂಫು ಮೇಜಿನ ಮೇಲೆ ಕಾದಿತ್ತು.

ನಾಗವೇಣಿಗೆ ಹತ್ತಿರವಿದ್ದದ್ದು ಅದೊಂದೇ ಅಡುಗೆಮನೆ. ಮೂರನೇ ದಿನ ಬೆಳಗ್ಗೆಯೇ ಗೋಡೆಗೊರಗಿ ಕೂತಳು. ತೊಡೆಯ ಮೇಲೆ ಹಾಳೆ, ಕೈಯಲ್ಲಿ ಪೆನ್ಸಿಲ್ಲು.

‘ಹೆಂಗಸು ಅಸಹ್ಯವಾಗಿ ಲೋಟದೊಳಗೆ ಬೆರಳಿಡುತ್ತಾಳೆ’ ಎಂದು ಬರೆದಳು. ಮೊರದ ನೆನಪಾಯಿತು. ‘ಅಸಹ್ಯವಾಗಿ’ ಎಂಬುದನ್ನು ಹೊಡೆದುಹಾಕಿದಳು. ಮುಂದೆ ಬರೆದಳು.

‘ಲೋಟ ಎರಡು. ಕಾಫಿ ಸುರಿಯುತ್ತಾಳೆ. ಕಾಫಿ ಬೆರಳಿಗೆ ತಾಗುತ್ತದೆ. ಸುರಿಯುವುದು ನಿಲ್ಲುತ್ತದೆ.’

ಬರೆದದ್ದನ್ನು ತಾನೇ ಓದಿಕೊಂಡಳು. ಪೆನ್ಸಿಲ್ಲು ಅಲ್ಲೇ ನಿಂತಿತು.

ಆಮೇಲೆ ಅವಳು ನೋಡುವ ಬಗೆಯೇ ಬೇರೆಯಾಯಿತು. ಉಪ್ಪಿನ ಭರಣಿಯ ಕುತ್ತಿಗೆಗೆ ದಾರ ಕಟ್ಟಿದೆ, ಸಕ್ಕರೆಯದಕ್ಕೆ ಇಲ್ಲ. ಸಾಸಿವೆ ಸಿಡಿಯುವಾಗ ತುಂಗಮ್ಮ ಬಾಣಲೆಗೆ ಕಿವಿ ಕೊಡುತ್ತಾರೆ. ನಡೆಯುವಾಗ ಬೆರಳ ಗೆಣ್ಣು ಗೋಡೆಯನ್ನು ಸವರುತ್ತಾ ಹೋಗುತ್ತದೆ. ದೀಪ ಹತ್ತಿತೋ ಇಲ್ಲವೋ ಎಂದು ಅಂಗೈ ಹತ್ತಿರ ಒಯ್ದು ನೋಡುತ್ತಾರೆ. ಕುಂಕುಮ ಹಣೆಯ ನಡುವಿಗಿಂತ ಒಂದು ಗೋಧಿಕಾಳಿನಷ್ಟು ಎಡಕ್ಕಿದೆ.

ನಾಲ್ಕನೇ ದಿನ ಪುಟ ತುಂಬಿತು. ನಾಗವೇಣಿ ಪೆನ್ಸಿಲ್ಲು ಕೆಳಗಿಟ್ಟಳು.

“ಬರೆದು ಮುಗೀತಾ?” ತುಂಗಮ್ಮ ಒಲೆಯ ಕಡೆ ತಿರುಗಿಕೊಂಡೇ ಕೇಳಿದರು. “ಎರಡು ದಿನದಿಂದ ಕರಕರ ಅಂತಿತ್ತು.”

“ಅಮ್ಮಾ, ನಿಮಗೆ...”

“ಹೂಂ. ಕಾಣೋಲ್ಲ.”

ಒಲೆಯಲ್ಲಿ ಸೌದೆ ಚಟಪಟ ಎಂದಿತು.

“ಅವತ್ತು ದಾಸವಾಳಕ್ಕೆ ಕಾಫಿ ಕುಡಿಸಿದೆಯಲ್ಲ, ಅದೂ ಕೇಳಿಸ್ತು. ಬೆರಳು ತೊಳಕೊಂಡೇ ಇಡ್ತೀನಮ್ಮ ನಾನು.”

ನಾಗವೇಣಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. “ತಪ್ಪಾಯ್ತು ಅಮ್ಮ. ಯಾವಾಗಿಂದ ಹೀಗೆ?”

“ಮಂಜಾಗಿ ಮೂರು ವರ್ಷ. ಪೂರ್ತಿ ಹೋಗಿದ್ದು ಈ ಯುಗಾದಿಗೆ. ತಮ್ಮ ಬಂದಾಗ ಮೈಸೂರಿಗೆ ಕರಕೊಂಡು ಹೋಗಿ ತೋರಿಸಿದ. ಇನ್ನು ಮಾಡೋದೇನೂ ಇಲ್ಲ ಅಂದ್ರು ಡಾಕ್ಟರು.”

“ಗುರುಗಳು ಏನಂದ್ರು?”

ತುಂಗಮ್ಮ ನಕ್ಕರು. “ನೀನು ಬಂದು ನಾಲ್ಕು ದಿನ. ನಿನಗೆ ಕಂಡಿತು. ಯುಗಾದಿಯಿಂದ ಕಾರ್ತಿಕಕ್ಕೆ ಎಷ್ಟು ತಿಂಗಳು?”

ನಾಗವೇಣಿ ಬೆರಳು ಮಡಿಸಿದಳು. ಏಳು.

“ಅವರಿಗೆ ಗೊತ್ತೇ ಇಲ್ವಾ? ಪುಸ್ತಕ ಪ್ರತಿ ಮಾಡ್ತಿದ್ದದ್ದು ನೀವೇ ಅಂತ ಮುನ್ನುಡಿಯಲ್ಲಿ ಇದೆಯಲ್ಲ, ಅದು ನಿಂತದ್ದೂ ಗೊತ್ತಾಗಲಿಲ್ವಾ?”

“ಕೈ ನೋವು, ಬರೆಯೋಕಾಗೋಲ್ಲ ಅಂದೆ. ಸರಿ ಬಿಡು, ಶಿಷ್ಯರಿದಾರೆ ಅಂದ್ರು. ಯಾವ ಕೈ ಅಂತ ಕೂಡ ಕೇಳಲಿಲ್ಲ.”

“ಹೇಳಿಬಿಡಿ, ಅಮ್ಮ.”

“ಹೇಳಿದರೆ ಏನು ಬಂತು? ಅಯ್ಯೋ ಪಾಪ ಅಂತಾರೆ. ಅದಲ್ಲ ನನಗೆ ಬೇಕಾದ್ದು.” ತುಂಗಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡರು. “ಆ ಪುಸ್ತಕನ ಮೂರು ಸಲ ಪ್ರತಿ ಮಾಡಿದೀನಿ. ನೋಡು, ಗಮನವಿಟ್ಟು ನೋಡು, ಹತ್ತಿರದಿಂದ ನೋಡು ಅಂತ ಪುಟಕ್ಕೆ ಹತ್ತು ಸಲ. ಅವರು ಬರೆದದ್ದು ಅವರಿಗೆ ಎಷ್ಟು ದಿನಕ್ಕೆ ತಟ್ಟತ್ತೆ ಅಂತ ಕಾಯ್ತಾ ಇದೀನಿ. ಕಂಡರೆ ಅವರಾಗೇ ಕಾಣಲಿ. ನೀನು ಬಾಯಿಬಿಡಬೇಡ. ಎಲ್ಲಿ, ಕೈ ಕೊಡು.”

ನಾಗವೇಣಿ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಳು. ಆ ಪುಟವನ್ನು ಮಡಿಸಿ ಟ್ರಂಕಿನ ತಳಕ್ಕೆ ಹಾಕಿದಳು.

ಐದನೇ ದಿನ ಬೇರೊಬ್ಬ ಹೆಂಗಸನ್ನು ಬರೆದಳು. ಮಗ ಸತ್ತ ತಂತಿ ಬಂದ ತಾಯಿ.

“ನಾಟಕ,” ಎಂದರು ರಾಯರು.

ಆರನೇ ದಿನ ಸವತಿ ಬಂದ ಹೆಂಡತಿ.

“ಹರಿಕಥೆ.”

ಏಳನೇ ದಿನ ಅತ್ತೆ ಅನ್ನ ಹಾಕದ ಸೊಸೆ.

“ನಿನ್ನ ಊರಿಗೆ ಬಸ್ಸು ಎಷ್ಟು ಹೊತ್ತಿಗೆ?”

ನಾಗವೇಣಿ ಹೊಳೆ ಮೆಟ್ಟಿಲ ಮೇಲೆ ಹೋಗಿ ಕೂತಳು. ನಾಳೆ ಎಂಟನೇ ದಿನ. ಟೈಪು ಮಿಷನ್ನಿನ ಮುಂದಿನ ಆ ಸ್ಟೂಲು ಕಣ್ಣಿಗೆ ಕಟ್ಟಿತು. ಅತ್ತು, ಮುಖ ತೊಳೆದುಕೊಂಡು ಅಡುಗೆಮನೆಗೆ ಬಂದಳು.

“ಅಮ್ಮಾ, ಆ ಪುಟ ಕೊಡಲಾ?”

ತುಂಗಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು.

“ನನ್ನ ಹೆಸರು ಹಾಕಿದೀಯಾ?”

“ಇಲ್ಲ. ‘ಹೆಂಗಸು’ ಅಂತ ಇದೆ.”

“ಕುರುಡಿ ಅಂತ?”

“ಎಲ್ಲೂ ಇಲ್ಲ. ನೀವು ಏನು ಮಾಡಿದಿರೋ ಅಷ್ಟೇ.”

“ಹಾಗಾದರೆ ನೀನು ಬಾಯಿಬಿಟ್ಟ ಹಾಗಾಗೋಲ್ಲ,” ಎಂದರು ತುಂಗಮ್ಮ ಮೆಲ್ಲಗೆ. “ಓದಿದಮೇಲೆ ಅವರಿಗೇ ಕಂಡರೆ, ಅವರಿಗೇ ಕಂಡ ಹಾಗೆ. ಅಲ್ವಾ? ಕೊಡು.”

ಮಾರನೇ ಬೆಳಗ್ಗೆ ತುಂಗಮ್ಮ ತಲೆ ಬಾಚಿ, ಬಿಚ್ಚಿ, ಮತ್ತೊಮ್ಮೆ ಬಾಚಿಕೊಂಡರು. ಪೆಟ್ಟಿಗೆಯಿಂದ ಹಬ್ಬದ ಸೀರೆ ತೆಗೆದು ಉಟ್ಟರು. ರಾಯರ ಕೋಣೆಯ ಬಾಗಿಲ ಹಿಂದೆ ಹೋಗಿ ನಿಂತರು. ಮದುವೆಗೆ ನೋಡಲು ಬಂದವರ ಮುಂದೆ ಕರೆಸಿಕೊಳ್ಳಲು ಕಾದ ಹುಡುಗಿಯ ಹಾಗಿದ್ದರು. ನಾಗವೇಣಿಗೆ ಅದನ್ನು ನೋಡಲಾಗಲಿಲ್ಲ.

ರಾಯರು ಪುಟ ಕೈಗೆತ್ತಿಕೊಂಡರು. ಹೊಡೆದುಹಾಕಲು ಪೆನ್ನಿನ ಮುಚ್ಚಳ ತೆಗೆದರು.

ಒಂದು ಸಾಲು ಓದಿದರು. ಎರಡು ಸಾಲು ಓದಿದರು. ಪೆನ್ನನ್ನು ಕೆಳಗಿಟ್ಟರು.

ಮೊದಲಿಂದ ಮತ್ತೆ ಓದಿದರು. ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡರು.



“ಕುರುಡಿ,” ಎಂದರು ರಾಯರು.

ಬಾಗಿಲ ಹಿಂದೆ ಬಳೆ ಒಂದೇ ಒಂದು ಸಲ ಸದ್ದಾಯಿತು.

“ಕುರುಡಿ ಅಂತ ಎಲ್ಲೂ ಬರೆದಿಲ್ಲ! ಆದರೂ ಲೋಟದಲ್ಲಿ ಬೆರಳಿಟ್ಟಳು ನೋಡು, ಅಲ್ಲೇ ಎದೆ ಹಿಡಕೊಳ್ಳತ್ತೆ. ಬಂತಮ್ಮ, ನಿನಗೆ ಬಂತು!”

“ಗುರುಗಳೇ...”

“ತಾಳು. ಇನ್ನೂ ಒಂದಿದೆ. ಲೋಟ ಎರಡಿವೆ. ಅಂದರೆ ಮನೇಲಿ ಇನ್ನೊಬ್ಬ ಇದಾನೆ, ಗಂಡ. ಅವನಿಗೆ ಇದು ಗೊತ್ತಿಲ್ಲ. ಗೊತ್ತಿದ್ದಿದ್ದರೆ ಇವಳು ಇಷ್ಟು ಕಷ್ಟಪಟ್ಟು ಒಬ್ಬಳೇ ಯಾಕೆ ಸುರೀತಿದ್ದಳು?” ರಾಯರು ತಲೆದೂಗಿದರು. “ಎಂಥಾ ಗಂಡಸಪ್ಪ! ಅವನನ್ನ ತೋರಿಸದೆ ಬಿಟ್ಟೆಯಲ್ಲ, ಒಳ್ಳೇದು ಮಾಡಿದೆ. ತೋರಿಸಿದ್ದರೆ ಇಂಥವನೂ ಇರ್ತಾನಾ ಅಂತ ಯಾರೂ ನಂಬ್ತಿರಲಿಲ್ಲ.”

ಅವರು ಪುಟದಿಂದ ತಲೆ ಎತ್ತಿದರು.

“ಇವಳನ್ನ ಎಲ್ಲಿ ನೋಡಿದೆ?”

ನಾಗವೇಣಿ ಬಾಗಿಲ ಕಡೆ ನೋಡಿದಳು. “ಇಲ್ಲೇ...”

“ಬೇಡ, ಬೇಡ, ಹೇಳಬೇಡ. ಬರೆಯೋರು ಎಲ್ಲಿ ಕಂಡೆವು ಅಂತ ಹೇಳಕೂಡದು. ನಾಲ್ಕನೇ ಅಧ್ಯಾಯದಲ್ಲೇ ಇದೆ.”

ಅವರು ಕಾಗದ ಎಳೆದುಕೊಂಡು ಒಂದು ಸಾಲು ಬರೆದರು. ಸಹಿ ಹಾಕಿದರು. ಶಾಯಿ ಆರಲೆಂದು ಊದಿ ನಾಗವೇಣಿಯ ಕೈಗಿತ್ತರು. ಎರಡು ವರ್ಷ ಕನಸಿನಲ್ಲಿ ಕಂಡ ಕಾಗದ. ಅದನ್ನು ಹಿಡಿದುಕೊಳ್ಳುವುದಕ್ಕೆ ಅವಳಿಗೆ ನಾಚಿಕೆಯಾಯಿತು.

“ಇವಳೇ! ಬಾ ಇಲ್ಲಿ.”

ತುಂಗಮ್ಮ ಬಾಗಿಲವಾಡದ ಮೇಲೆ ಕೈಯಾಡಿಸಿಕೊಂಡು ಒಳಗೆ ಬಂದು ನಿಂತರು. ಹಬ್ಬದ ಸೀರೆಯಲ್ಲಿ.

“ಈ ಹುಡುಗಿ ಒಬ್ಬ ಕುರುಡಿಯ ಬಗ್ಗೆ ಬರೆದಿದಾಳೆ, ಕಣೇ.”

“ಕೇಳಿಸ್ತು. ಅವಳು ಕುರುಡಿ ಅಂತ ನಿಮಗೆ ಹೇಗೆ ಗೊತ್ತಾಯ್ತು?”

“ಹೇಗೆ ಅಂದ್ರೆ? ಕಣ್ಣಿದ್ದೋರಿಗೆಲ್ಲ ಗೊತ್ತಾಗತ್ತೆ!”

ನಾಗವೇಣಿ ಬಾಯಿ ತೆರೆದಳು. ಆ ಉಸಿರಿನ ಸದ್ದಿಗೆ ತುಂಗಮ್ಮ ಅವಳತ್ತ ತಿರುಗಿ, ಬೇಡ ಎಂದು ತಲೆಯಾಡಿಸಿದರು.

ರಾಯರು ಅಷ್ಟರಲ್ಲಿ ಪ್ರೂಫನ್ನು ಮುಂದಕ್ಕೆಳೆದುಕೊಂಡಿದ್ದರು. ಬಲಗೈ ಒಂದು ಅಕ್ಷರವನ್ನು ತಿದ್ದುತ್ತಿತ್ತು. ಎಡಗೈ ಪುಟವನ್ನು ಹೆಂಡತಿಯತ್ತ ಚಾಚಿತ್ತು.

“ತಗೊಳೇ, ಕಿಟಕಿ ಹತ್ತಿರ ಬೆಳಕಿಗೆ ಹೋಗಿ ಓದು. ಜನ್ಮವೆಲ್ಲ ನನ್ನ ಬರವಣಿಗೆ ಪ್ರತಿ ಮಾಡಿದ್ದೇ ಬಂತು. ನೋಡೋದು ಅಂದರೆ ಏನು ಅಂತ ಈಗಲಾದರೂ ಈ ಹುಡುಗಿಯಿಂದ ಕಲಿ.”