ಮೀನಿನ ಏದುಸಿರು

ವಾಮನನೆಂಬ ಶಿಷ್ಯ ಗುರುಗಳ ಮುಂದೆ ಕುಳಿತು ಕೇಳಿದ: "ತಂಗಿ ತೀರಿಕೊಂಡು ಎರಡು ವರ್ಷವಾಯಿತು. ಅವಳ ಹಂಬಲ ನನ್ನನ್ನು ಬಿಡುತ್ತಿಲ್ಲ. ಜಪವನ್ನು ಎರಡರಷ್ಟು ಮಾಡಿದೆ. ಒಪ್ಪೊತ್ತು ಊಟ ಹಿಡಿದೆ. ವಾರಕ್ಕೆ ಮೂರು ದಿನ ಮೌನವಿದ್ದೆ. ಈಗ ಜಪಕ್ಕೆ ಕುಳಿತರೆ ಏದುಸಿರು ಬರುತ್ತದೆ. ಇನ್ನು ಯಾವ ವ್ರತ ಹಿಡಿಯಲಿ?"

ಗುರುಗಳು ಈ ಕತೆ ಹೇಳಿದರು.

ಕಡಲ ತಡಿಯ ಊರೊಂದರಲ್ಲಿ ಗಡಿಯಾರ ರಿಪೇರಿ ಮಾಡುವವನೊಬ್ಬನಿದ್ದ. ಅವನ ಹೆಂಡತಿಗೆ ಸಮುದ್ರದ ಮೀನು ಸಾಕುವ ಆಸೆ. ಮನೆಯಲ್ಲಿ ದೊಡ್ಡದೊಂದು ಗಾಜಿನ ತೊಟ್ಟಿ ಇರಿಸಿ, ತಳಕ್ಕೆ ಮರಳು, ಕಲ್ಲು ಹಾಕಿ, ಉಪ್ಪುನೀರು ತುಂಬಿ ಮೂರು ಮೀನು ಬಿಟ್ಟಿದ್ದಳು. ಅವುಗಳಲ್ಲಿ ಒಂದು ಕಿತ್ತಳೆ ಬಣ್ಣದ್ದು, ಮೈಗೆ ಬಿಳಿ ಪಟ್ಟೆ. ಅವಳು ನೀರಿಗೆ ಬೆರಳಿಟ್ಟರೆ ಅದು ಹತ್ತಿರ ಬಂದು ಬೆರಳನ್ನು ಮುಟ್ಟುತ್ತಿತ್ತು. ಗಂಡ ಬೆರಳಿಟ್ಟರೆ ಕಲ್ಲಿನ ಹಿಂದೆ ಹೋಗಿಬಿಡುತ್ತಿತ್ತು. ಅದನ್ನು ನೋಡಿ ಅವಳು ನಗುತ್ತಿದ್ದಳು.

ಒಂದು ಮಳೆಗಾಲದಲ್ಲಿ ಜ್ವರ ಬಂದು ಅವಳು ಸತ್ತಳು. ಗಂಡ ಅಳಲಿಲ್ಲ. ಮೀನುಗಳಿಗೆ ಹೊತ್ತುಹೊತ್ತಿಗೆ ಆಹಾರ ಹಾಕಿದ, ತೊಟ್ಟಿ ಒರೆಸಿದ. ಆದರೂ ಅವನಿಗೆ ಮನೆಯಂತೆ ತೊಟ್ಟಿಯೂ ಬರಿದಾಗಿ ಕಂಡಿತು. ಪೇಟೆಯಿಂದ ಹೊಸ ಮೀನೊಂದನ್ನು ತಂದು ನೇರವಾಗಿ ಅದರಲ್ಲಿ ಬಿಟ್ಟ. ಹೊಸ ಮೀನನ್ನು ಕೆಲವು ವಾರ ಬೇರೆಯಾಗಿಟ್ಟು ನೋಡಬೇಕೆಂಬುದು ಅವನಿಗೆ ತಿಳಿದಿರಲಿಲ್ಲ. ಅದು ರೋಗ ತಂದಿತ್ತು. ಹತ್ತು ದಿನದೊಳಗೆ ಅದೂ ಸತ್ತಿತು, ಹಳೆಯ ಮೂರರಲ್ಲಿ ಎರಡೂ ಸತ್ತವು. ಕಿತ್ತಳೆ ಮೀನಿನ ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆಗಳೆದ್ದವು. ಕಿವಿರುಗಳು ಪಟಪಟನೆ ಬಡಿದುಕೊಳ್ಳತೊಡಗಿದವು.

ಅವನು ಅದನ್ನು ಪ್ಲಾಸ್ಟಿಕ್ ಟಬ್ಬಿಗೆ ಬದಲಾಯಿಸಿದ. ಮೀನಿನ ಅಂಗಡಿಯವರು ತಾಮ್ರದ ನೀಲಿ ಔಷಧಿ ಕೊಟ್ಟು ಅಳತೆ ಹೇಳಿದರು. ಅವನು ಹಾಗೆಯೇ ಹಾಕಿದ. ಎಂಟನೆಯ ದಿನಕ್ಕೆ ಚುಕ್ಕೆಗಳು ಮಾಯವಾದವು. ಉಸಿರು ಒಂದಿಷ್ಟು ಇಳಿಯಿತು. ಮರುದಿನ ಮತ್ತೆ ಏರಿತು. ಕೈಗಡಿಯಾರ ಹಿಡಿದು ಎಣಿಸಿದ. ನಿಮಿಷಕ್ಕೆ ನೂರಹತ್ತು. ಔಷಧಿ ಸಾಲದೆಂದು ಇನ್ನಷ್ಟು ಹನಿ ಹಾಕಿದ. ಹಸಿದಿರಬಹುದೆಂದು ದಿನಕ್ಕೆ ನಾಲ್ಕು ಸಲ ಆಹಾರ ಹಾಕಿದ. ಚಳಿಯಾದೀತೆಂದು ಟಬ್ಬಿನ ಮೇಲೆ ಹಲಗೆ ಮುಚ್ಚಿದ. ಗಳಿಗೆಗೊಮ್ಮೆ ಹಲಗೆ ಸರಿಸಿ ಬಗ್ಗಿ ನೋಡುತ್ತಿದ್ದ. ತನ್ನ ಗಡಿಯಾರದ ಅಂಗಡಿಯ ಬಾಗಿಲು ತೆರೆಯಲೇ ಇಲ್ಲ.

ಆ ಊರಿನ ಮತ್ಸ್ಯಾಲಯದಲ್ಲಿ ಬಹಳ ವರ್ಷ ಮೀನುಗಳನ್ನು ನೋಡಿಕೊಂಡಿದ್ದ ಹೆಂಗಸೊಬ್ಬಳಿದ್ದಳು. ಅವಳ ಗೋಡೆ ಗಡಿಯಾರ ರಿಪೇರಿಗೆ ಬಂದು ಅವನ ಅಂಗಡಿಯಲ್ಲಿತ್ತು. ಆರು ದಿನ ಬಂದು ಮುಚ್ಚಿದ ಬಾಗಿಲು ನೋಡಿ, ಏಳನೆಯ ದಿನ ಮನೆಗೇ ಬಂದಳು. ಅವನು ಗಡಿಯಾರದ ಮಾತೆತ್ತಲಿಲ್ಲ. ಅವಳನ್ನು ಟಬ್ಬಿನ ಬಳಿ ಕರೆದೊಯ್ದ.

"ನಿನ್ನೆ ನೂರಮೂವತ್ತು ಇತ್ತು ಅಕ್ಕಾ, ಇವತ್ತು ನೂರೈವತ್ತು. ರೋಗ ಒಳಗೆ ಇಳಿದಿದೆ. ಇದಕ್ಕಿಂತ ಜೋರಾದ ಔಷಧಿ ಇದ್ದರೆ ಹೇಳಿ."

ಅವಳು ಹಲಗೆ ಎತ್ತಿ ಬದಿಗಿಟ್ಟಳು. ಒಂದು ಬೊಗಸೆ ನೀರೆತ್ತಿ ಮೂಸಿದಳು. ಮೀನಿನ ಮೈಯನ್ನು ತುಂಬ ಹೊತ್ತು ನೋಡಿದಳು.

"ರೋಗ ಹೋಗಿದೆ ಅಣ್ಣಾ. ಈಗ ಇದು ಏದುತ್ತಿರುವುದು ಈ ನೀರಿನಿಂದಾಗಿ. ದೊಡ್ಡ ತೊಟ್ಟಿಯಲ್ಲಾದರೆ ಮರಳು, ಕಲ್ಲುಗಳಲ್ಲಿರುವ ಜೀವಾಣುಗಳು ಹೊಲಸನ್ನು ಅರಗಿಸುತ್ತವೆ. ಇಲ್ಲಿ ಅವು ಯಾವುದೂ ಇಲ್ಲ. ನೀವು ಹಾಕಿದ ಆಹಾರ ಉಳಿದು ಕೊಳೆತು ಕಿವಿರನ್ನು ಸುಡುತ್ತಿದೆ. ಔಷಧಿ ಅಳತೆ ಮೀರಿದೆ. ಮೇಲೆ ಹಲಗೆ ಬೇರೆ. ಗಾಳಿ ಎಲ್ಲಿಂದ ಬರಬೇಕು?"

"ಕಣ್ಣೆದುರೇ ಒದ್ದಾಡುತ್ತಿರುವಾಗ ಏನೂ ಮಾಡದೆ ಹೇಗಿರಲಿ?" ಎಂದು ಅವನು ಕೇಳಿದ. ಅವನ ದನಿ ಏರಿತ್ತು. "ನನ್ನ ಹೆಂಡತಿಯ ಬೆರಳಿನ ಗುರುತು ಇರುವುದು ಇದಕ್ಕೆ ಮತ್ತು ನನಗೆ ಮಾತ್ರ. ಇದೂ ಹೋದರೆ ನಾನೊಬ್ಬನೇ ಆಗುತ್ತೇನೆ."

ಆ ಹೆಂಗಸು ನೆಲದ ಮೇಲೆ ಕುಳಿತಳು. ಆಮೇಲೆ, "ಮೊದಲು ಒಂದು ಬಕೆಟ್ ತನ್ನಿ," ಎಂದಳು.

ಅಷ್ಟೇ ಉಪ್ಪು, ಅಷ್ಟೇ ಬಿಸುಪಿನ ಹೊಸ ನೀರು ತಯಾರಿಸಿ, ಹಳೆಯದನ್ನು ಅರ್ಧ ತೆಗೆದು, ಹೊಸದನ್ನು ಮೆಲ್ಲಗೆ ಸುರಿದರು. ದೊಡ್ಡ ತೊಟ್ಟಿಯ ಗಾಳಿಯ ಪಂಪನ್ನು ತಂದು ಅದರ ಕೊಳವೆಯನ್ನು ಟಬ್ಬಿನಲ್ಲಿ ಇಳಿಸಿದರು. ಮೀನಿಗೆ ಮರೆಯಿರಲೆಂದು ಅವಳು ಒಡೆದ ಹೂಕುಂಡವೊಂದನ್ನು ತೊಳೆದು ಅಡ್ಡ ಮಲಗಿಸಿದಳು. ಮೀನು ಅದರೊಳಗೆ ಹೋಗಿ ನಿಂತಿತು.

"ಸಂಜೆ ಇನ್ನರ್ಧ ನೀರು ಬದಲಿಸೋಣ. ಅಲ್ಲಿಯವರೆಗೆ ನೀವು ಅಂಗಡಿಗೆ ಹೋಗಿ. ಮೇಲಿಂದ ಯಾರಾದರೂ ಬಗ್ಗಿ ನೋಡುತ್ತಲೇ ಇದ್ದರೆ ಅದಕ್ಕೆ ಹೆದರಿಕೆಯಾಗುತ್ತದೆ."

ಅವನು ಹೋದ. ಅವಳ ಗಡಿಯಾರವನ್ನು ಬಿಚ್ಚಿ ಮುಂದಿಟ್ಟುಕೊಂಡ. ಒಂದು ಸ್ಕ್ರೂ ಮೂರು ಸಲ ಕೆಳಗೆ ಬಿತ್ತು. ಸಂಜೆ ಬಂದು ನೋಡಿದಾಗ ಉಸಿರು ನೂರಕ್ಕಿಂತ ಕೆಳಗಿಳಿದಿತ್ತು. ಮರುದಿನ ಬೆಳಿಗ್ಗೆ ಎಂಬತ್ತಕ್ಕೆ ಬಂದಿತ್ತು.

ದೊಡ್ಡ ತೊಟ್ಟಿಯಲ್ಲಿ ಎರಡೂವರೆ ತಿಂಗಳು ಮೀನೇ ಇರಬಾರದೆಂದು ಅವಳು ಹೇಳಿದಳು. ಮೀನಿಲ್ಲದಿದ್ದರೆ ಅಲ್ಲಿಯ ರೋಗದ ಕ್ರಿಮಿ ತಾನಾಗಿ ಸಾಯುತ್ತದೆ. ಎರಡೂವರೆ ತಿಂಗಳು ಅವನು ಮೀನಿಲ್ಲದ ತೊಟ್ಟಿಯ ಮುಂದೆ ಕುಳಿತು ಊಟ ಮಾಡಿದ.

ದಿನ ತುಂಬಿದ ಮೇಲೆ ಮೀನನ್ನು ತೊಟ್ಟಿಗೆ ಬಿಟ್ಟ. ಅದು ಒಂದು ಸುತ್ತು ಹಾಕಿತು. ಕಲ್ಲುಗಳ ಹತ್ತಿರ ಹೋಗಿ ಬಂದಿತು. ಆಮೇಲೆ ಕಿಟಕಿಯ ಕಡೆಯ ಮೂಲೆಗೆ ಹೋಗಿ, ಮುಖ ಮೇಲೆತ್ತಿ ನಿಂತಿತು. ಹೆಂಡತಿ ಬೆರಳಿಡುತ್ತಿದ್ದ ಜಾಗ ಅದು. ಅವನಿಗೆ ಬೆರಳಿಡಬೇಕೆನ್ನಿಸಿತು; ಇಡಲಿಲ್ಲ. ಸ್ಟೂಲು ಎಳೆದುಕೊಂಡು ತೊಟ್ಟಿಯ ಪಕ್ಕದಲ್ಲಿ ಕುಳಿತ. ಅವಳು ಸತ್ತ ಮೇಲೆ ಅವನು ಅತ್ತದ್ದು ಅಂದೇ ಮೊದಲು. ತುಂಬ ಹೊತ್ತು ಅತ್ತ. ಮೀನು ಅಲ್ಲೇ ನಿಂತಿತ್ತು.

ಅದು ಇನ್ನೂ ಮೂರು ವರ್ಷ ಬದುಕಿತು. ದಿನವೂ ಒಂದು ಸಲ ಆ ಮೂಲೆಗೆ ಹೋಗುತ್ತಿತ್ತು. ಅವನೂ ಆ ಹೊತ್ತಿಗೆ ಬಂದು ಕೂರುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ವಾಮನ ಯೋಚಿಸಿ ಕೇಳಿದ: "ಹಾಗಾದರೆ ಜಪವನ್ನು ಎಷ್ಟಕ್ಕೆ ಇಳಿಸಲಿ ಗುರುಗಳೇ? ಮೌನ ವಾರಕ್ಕೆ ಒಂದು ದಿನ ಸಾಕೇ?"

"ಅದಿರಲಿ ವಾಮನಾ," ಎಂದರು ಗುರುಗಳು. "ನಿನ್ನ ತಂಗಿಯ ಹೆಸರೇನು?"

ವಾಮನ ಹೆಸರು ಹೇಳಲು ಹೋಗಿ ಅತ್ತುಬಿಟ್ಟ.