ಕುಂಕುಮ ಹಚ್ಚಿದ ಮೂರನೆಯ ಡಿಸ್ಕ್

ಶಿಷ್ಯ ಗುರುವಿನ ಮುಂದೆ ಕೂತು ಕೇಳಿದ:

"ಗುರುಗಳೇ, ಕೋಪ ಬಂದಾಗ ಮೊದಲು ಒಂದು ಲೋಟ ನೀರು ಕುಡಿ, ಆಮೇಲೆ ಬಾಯಿ ತೆರೆ ಎಂದು ಹೇಳಿದ್ದಿರಿ. ಆ ಮಾತನ್ನು ಚೆಂದದ ಅಕ್ಷರದಲ್ಲಿ ಬರೆಸಿ, ಪಟದಂತೆ ಕಟ್ಟು ಹಾಕಿಸಿ, ದೇವರ ಮನೆಯಲ್ಲಿ ಇಟ್ಟಿದ್ದೇನೆ. ದಿನವೂ ನೀರು ಪ್ರೋಕ್ಷಿಸಿ, ಹೂವು ಏರಿಸಿ, ಕೈಮುಗಿಯುತ್ತೇನೆ. ಆದರೂ ನಿನ್ನೆ ತಂಗಿಯ ಮೇಲೆ ರೇಗಿದಾಗ ಅದು ನೆನಪಿಗೇ ಬರಲಿಲ್ಲ. ಆಡಬಾರದ್ದನ್ನು ಆಡಿದೆ. ಅವಳು ಮಕ್ಕಳ ಕೈ ಹಿಡಿದು ಎದ್ದುಹೋದಳು. ಫೋನ್ ಎತ್ತುತ್ತಿಲ್ಲ. ಇಷ್ಟು ಭಕ್ತಿಯಿಂದ ಕಾಪಾಡಿದ ಮಾತು ಬೇಕಾದ ಹೊತ್ತಿಗೆ ಕೈಕೊಟ್ಟಿತಲ್ಲ, ಯಾಕೆ?"

ಗುರು ಹೇಳಿದರು:

ಒಬ್ಬ ವ್ಯಾಪಾರಿ ಇದ್ದ. ಮದುವೆಯ ರವಿಕೆಗಳಿಗೆ ಕಸೂತಿ ಹಾಕಿಸಿಕೊಡುವುದು ಅವನ ಕಸುಬು. ಅಂಗಡಿಯಲ್ಲಿ ಒಂದೇ ಕಸೂತಿ ಯಂತ್ರ. ಅದನ್ನು ನಡೆಸುವುದು ಒಂದು ಹಳೆಯ ಲ್ಯಾಪ್‌ಟಾಪ್. ಹೊಸ ಲ್ಯಾಪ್‌ಟಾಪುಗಳ ಮಾತನ್ನು ಆ ಯಂತ್ರ ಕೇಳುತ್ತಿರಲಿಲ್ಲ. ಹಳೆಯದು ನಡೆದರೆ ಅಂಗಡಿ ನಡೆಯಿತು, ನಿಂತರೆ ನಿಂತಿತು.

ಲ್ಯಾಪ್‌ಟಾಪ್ ಕೊಂಡ ದಿನ ಮಾರಿದವನು ಜೊತೆಗೆ ಮೂರು ಡಿಸ್ಕ್ ಕೊಟ್ಟಿದ್ದ. "ಇದು ಯಾವತ್ತಾದರೂ ಕೆಟ್ಟು ಕೂತರೆ ಇವನ್ನು ಒಂದಾದ ಮೇಲೊಂದು ಹಾಕಿ. ಮೊದಲ ದಿನ ಹೇಗಿತ್ತೋ ಹಾಗಾಗುತ್ತೆ" ಎಂದಿದ್ದ.

ವ್ಯಾಪಾರಿ ಜಾಗರೂಕ ಮನುಷ್ಯ. ಡಿಸ್ಕುಗಳನ್ನು ತಿಜೋರಿಯಲ್ಲಿ ಇಟ್ಟು ಬೀಗ ಹಾಕಿದ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಹೊರಗೆ ತೆಗೆಯುತ್ತಿದ್ದ. ಕತ್ತರಿಗೆ, ಯಂತ್ರಕ್ಕೆ, ಲ್ಯಾಪ್‌ಟಾಪಿಗೆ ಗಂಧ ಕುಂಕುಮ ಹಚ್ಚಿದ ಮೇಲೆ ಡಿಸ್ಕುಗಳ ಸರದಿ. ಅವುಗಳ ಒಂದು ಮುಖದಲ್ಲಿ ಬರಹ, ಇನ್ನೊಂದು ಮುಖ ಕನ್ನಡಿಯಂತೆ ಹೊಳೆಯುತ್ತಿತ್ತು. ಹೊಳೆಯುವುದೇ ಶ್ರೇಷ್ಠವೆಂದು ಮೂರನ್ನೂ ಮಗುಚಿ ಒಂದರ ಮೇಲೊಂದು ಇಟ್ಟು, ಮೇಲೆ ಬಂದ ಮೂರನೆಯದಕ್ಕೆ ಬೊಟ್ಟು ಇಟ್ಟು, ಅಕ್ಷತೆ ಹಾಕುತ್ತಿದ್ದ.

ಒಂದು ವರ್ಷ ಹೆಂಡತಿ ಹೇಳಿದಳು. "ರೀ, ಒಮ್ಮೆ ಒಳಗೆ ಹಾಕಿ ತೆರೆಯುತ್ತಾ ಅಂತಾದರೂ ನೋಡಿ. ಇನ್ನೊಂದು ಪ್ರತಿ ಮಾಡಿಸಿ ಇಡಿ."

"ಔಷಧಿ ರುಚಿ ನೋಡೋಕೆ ಜ್ವರ ಬರಿಸ್ಕೋತಾರೇನೇ?" ಎಂದು ವ್ಯಾಪಾರಿ ನಕ್ಕ. ಅಂಗಡಿಯಲ್ಲಿದ್ದವರೂ ನಕ್ಕರು. ಹೆಂಡತಿ ಮತ್ತೆ ಆ ಮಾತು ಎತ್ತಲಿಲ್ಲ.

ಒಂದು ದೊಡ್ಡ ಮದುವೆಯ ರವಿಕೆಗಳು ಅಂಗಡಿಗೆ ಬಂದಿದ್ದವು. ಮಾರನೆಯ ದಿನ ಕೊಡಬೇಕು. ಬೆಳಿಗ್ಗೆ ಲ್ಯಾಪ್‌ಟಾಪಿನ ಗುಂಡಿ ಒತ್ತಿದರೆ ಕಪ್ಪು ಪರದೆ. ಮೂಲೆಯಲ್ಲಿ ಒಂದು ಬಿಳಿ ಗೆರೆ ಮಿಟುಕುತ್ತಿದೆ, ಅಷ್ಟೇ. ರಿಪೇರಿಯವನನ್ನು ಕರೆಸಿದ. ಅಷ್ಟರಲ್ಲಿ ಮದುಮಗಳ ಸೋದರಮಾವ ಬಂದು ಬೆಂಚಿನ ಮೇಲೆ ಕೂತ.

ರಿಪೇರಿಯವನು ಕೇಳಿದ. "ಡಿಸ್ಕ್ ಇದಾವಾ ಸಾವ್ಕಾರ್ರೇ?"

"ಇಲ್ಲದೆ ಏನು? ಚಿನ್ನದ ಥರ ಇಟ್ಟಿದ್ದೀನಿ."

"ಹಾಗಾದರೆ ಸರಿ. ಆದರೆ ತಿಳ್ಕೊಳ್ಳಿ, ಇದು ಮೊದಲು ಒಳಗಿರೋದನ್ನೆಲ್ಲ ಅಳಿಸುತ್ತೆ, ಆಮೇಲೆ ತುಂಬುತ್ತೆ. ನಡುವೆ ಬೇಡ ಅಂದರೆ ಆಗಲ್ಲ."

ಕಸೂತಿಯ ನಮೂನೆಗಳೂ ಯಂತ್ರ ನಡೆಸುವ ಸಾಫ್ಟ್‌ವೇರೂ ಪೆನ್‌ಡ್ರೈವಿನಲ್ಲಿ ಬೇರೆಯಾಗಿ ಇದ್ದವು. ವ್ಯಾಪಾರಿ ತಲೆಯಾಡಿಸಿದ. ಮೊದಲ ಡಿಸ್ಕ್ ಹೋಯಿತು. ಒಳಗಿದ್ದದ್ದೆಲ್ಲ ಅಳಿಯಿತು. ಎರಡನೆಯದು ಹೋಯಿತು. ಪರದೆಯ ಮೇಲೆ ಹಸಿರು ಪಟ್ಟಿ ನಿಧಾನವಾಗಿ ಬೆಳೆಯಿತು. ವ್ಯಾಪಾರಿ ಅದನ್ನೇ ನೋಡುತ್ತಿದ್ದ. ಸೋದರಮಾವ ವ್ಯಾಪಾರಿಯನ್ನೇ ನೋಡುತ್ತಿದ್ದ.

ಮೂರನೆಯದು ಹಾಕಿ ಎಂದು ಪರದೆ ಕೇಳಿತು. ಹಾಕಿದರು. ಒಳಗೆ ಗರಗರ ಸದ್ದಾಯಿತು, ನಿಂತಿತು, ಮತ್ತೆ ಆಯಿತು. ಪರದೆ ಮತ್ತೆ ಕೇಳಿತು: ಮೂರನೆಯದು ಹಾಕಿ. ಹೊಟ್ಟೆಯೊಳಗೆ ಇರುವುದನ್ನೇ ಅದು ಕೇಳುತ್ತಿತ್ತು.

ರಿಪೇರಿಯವನು ಡಿಸ್ಕ್ ಹೊರತೆಗೆದು ಬೆಳಕಿಗೆ ಹಿಡಿದ. "ಏನಿದು, ಕೆಂಪಗೆ?"

"ಪೂಜೆ ಮಾಡಿದ್ದು."

"ಯಂತ್ರ ಓದೋದು ಈ ಮುಖವನ್ನೇ ಸಾವ್ಕಾರ್ರೇ."

ಒದ್ದೆ ಬಟ್ಟೆಯಲ್ಲಿ ಒರೆಸಿದರು. ಕುಂಕುಮ ಹೋಯಿತು. ವರ್ಷವರ್ಷವೂ ಗಂಧ ಅಕ್ಷತೆ ಉಜ್ಜಿ ಎದ್ದ ಗೀರುಗಳು ಹೋಗಲಿಲ್ಲ. ಎಷ್ಟು ಸಲ ಹಾಕಿದರೂ ಪರದೆ ಅದನ್ನೇ ಕೇಳಿತು. ಲ್ಯಾಪ್‌ಟಾಪ್ ಈಗ ಹಿಂದಿನದ್ದೂ ಅಲ್ಲ, ಹೊಸದೂ ಅಲ್ಲ.

"ಬೇರೆ ಎಲ್ಲಾದರೂ ಇಂಥದೇ ಡಿಸ್ಕ್ ಸಿಗುತ್ತಾ?" ವ್ಯಾಪಾರಿಯ ದನಿ ಕುಗ್ಗಿತ್ತು.

"ಹುಡುಕಿದರೆ ಸಿಗಬಹುದು. ನಾಳೆಗಂತೂ ಸಿಗಲ್ಲ."

ಸೋದರಮಾವ ಎದ್ದ. "ನಮ್ಮ ಬಟ್ಟೆ ಕೊಟ್ಟುಬಿಡಿ ಯಜಮಾನ್ರೇ. ಮದುವೆ ಕಾಯಲ್ಲ" ಎಂದ.

ಹೆಂಡತಿ ಒಳಗಿನಿಂದ ಬಂದು ರವಿಕೆಗಳನ್ನು ಮಡಿಸಿ ಕೊಟ್ಟಳು.

ಗುರು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೇಳಿದ. "ಆಮೇಲೆ ಆ ವ್ಯಾಪಾರಿ ಏನು ಮಾಡಿದ ಗುರುಗಳೇ?"

"ಅವನ ಅಂಗಡಿ ಅವನು ನೋಡಿಕೊಳ್ಳುತ್ತಾನೆ" ಎಂದು ಗುರು ತಮ್ಮ ಪಕ್ಕದಲ್ಲಿದ್ದ ಚೊಂಬನ್ನು ಶಿಷ್ಯನ ಕಡೆ ಸರಿಸಿದರು. "ಕುಡಿ ಎಂದು ನಾನು ಹೇಳಿದ ನೀರನ್ನು ನೀನು ಇಷ್ಟು ದಿನ ಪಟಕ್ಕೆ ಚಿಮುಕಿಸುತ್ತಿದ್ದೆ."